ಅಡ್ಡಕ್ಕೆ ಬೆಳೆಯುವ ಗಿಡ

ಲಾಲ್‌ಬಾಗಿನ ಸಿದ್ದಾಪುರ ಗೇಟಿನ ಆಚೆ ನರ್ಸರಿಗಳು ಒಂದಕ್ಕೊಂದು ತಾಗಿಕೊಂಡೇ ಇವೆ. 1990ರ ದಶಕದ ಮೊದಲಲ್ಲಿ, ಬಿ.ಕಾಂ. ಮುಗಿಸಿ ಊರಿನಿಂದ ಬಂದ ನಾನು ಲೆಕ್ಕ ಬರೆಯಲು ಸೇರಿಕೊಂಡದ್ದು ಅಂಥದೊಂದು ನರ್ಸರಿಗೆ. ತಗಡಿನ ಮಾಡಿನ ಕೋಣೆ, ಕಾಲು ಅಲ್ಲಾಡುವ ಮೇಜು, ಬಿಲ್ ಪುಸ್ತಕ, ಬಾಗಿಲಾಚೆ ಮೂರು ಹೊತ್ತೂ ಒದ್ದೆಯಾಗಿರುವ ನೆಲ. ಗಿಡಗಳ ಬಗ್ಗೆ ನನಗಿದ್ದ ತಿಳಿವಳಿಕೆ ತೀರ್ಥಹಳ್ಳಿ ಕಡೆಯ ಯಾವ ಹೆಣ್ಣುಮಗಳಿಗೂ ಇರುವಷ್ಟೇ: ಡೇರೆ, ಸೇವಂತಿಗೆ, ದಾಸವಾಳ, ಅಂಗಳದ ಅಂಚಿಗೆ ಬಣ್ಣಬಣ್ಣದ ಕ್ರೋಟನ್. ನಮ್ಮಲ್ಲಿ ಗಿಡ ಎಂದರೆ ಜೂನಿನ ಮಳೆಗೆ ಗೆಲ್ಲು ಮುರಿದು ಊರಿದ್ದು ದೀಪಾವಳಿ ಹೊತ್ತಿಗೆ ಮಂಡಿಯ ಮೇಲೆ ಬಂದಿರಬೇಕು. ಬಾರದಿದ್ದರೆ ಮಣ್ಣಿನಲ್ಲೋ ಕೈಗುಣದಲ್ಲೋ ಏನೋ ಕೊರೆ ಎಂದೇ ಲೆಕ್ಕ.

ಸೇರಿದ ಕೆಲವೇ ದಿನಕ್ಕೆ ಮಾಲೀಕರು ಒಂದು ಬೆಲೆಪಟ್ಟಿ ತಯಾರಿಸಲು ಹೇಳಿದರು. ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗಿಗೆ ಬರುವ ಜನ ಗಾಜಿನ ಮನೆ ನೋಡಿ, ಬಿಸಿಲಿಗೆ ಬೆವರಿ, ಆಮೇಲೆ ನಮ್ಮ ಕಡೆ ತಿರುಗುತ್ತಿದ್ದರು. ಅವರ ಕೈಗೆ ಕೊಡಲು ಒಂದು ಹಾಳೆ ಬೇಕಿತ್ತು. ಹೆಸರು, ಎತ್ತರ, ಬೆಲೆ, ಹೀಗೆ ಮೂರು ಅಂಕಣ. ಹೆಸರಿಗೆ ಮಾಲೀಕರ ಕಪಾಟಿನಲ್ಲಿದ್ದ ದಪ್ಪ ಎಕ್ಸೋಟಿಕಾ ಪುಸ್ತಕವಿತ್ತು. ಬೆಲೆ ಹೇಳುವವರು ಮಾಲೀಕರೇ. ಎತ್ತರವನ್ನು ಮೇಸ್ತ್ರಿಯನ್ನು ಕೇಳಿ ಬರೆದುಕೋ ಎಂದರು.

ಮೇಸ್ತ್ರಿ ತಲೆತಲಾಂತರದಿಂದ ತೋಟದ ಕೆಲಸ ಮಾಡಿಕೊಂಡು ಬಂದ ತಿಗಳರ ಮನೆಯವರು. ಚಪ್ಪರದಡಿ ಸಾಲು ಹಿಡಿದು ನಡೆಯುತ್ತ ಹೇಳುತ್ತಾ ಹೋದರು: ಅಶೋಕ ಇಷ್ಟು, ಅರೇಕಾ ಪಾಮ್ ಇಷ್ಟು, ಕ್ರೋಟನ್ ಕತ್ತರಿಸಿದರೆ ಇಷ್ಟು, ಬಿಟ್ಟರೆ ಇಷ್ಟು. ಕೊನೆಯ ಬೆಂಚಿನ ಹತ್ತಿರ ಬಂದಾಗ ಮಾತ್ರ ನಿಂತರು. ಅಲ್ಲಿ ನಾಲ್ಕಿಂಚಿನ ಮಣ್ಣಿನ ಕುಂಡಗಳಲ್ಲಿ, ನೆಲಕ್ಕೆ ಕೂತ ಹಾಗೆ, ಗಿಡ್ಡ ಗಿಡಗಳಿದ್ದವು. ದಪ್ಪ ಎಲೆಗಳು ನಡುವಿನಿಂದ ಸುತ್ತು ಸುತ್ತಾಗಿ ಹೊರಬಾಗಿದ್ದವು. ಕಡುಹಸಿರಿನ ಮೇಲೆ ತಿಳಿಹಸಿರಿನ ಅಡ್ಡಗೆರೆಗಳು. ಪ್ರತಿ ಎಲೆಯ ತುದಿಯಲ್ಲೂ ಸಣ್ಣದೊಂದು ಮೊನೆ. ಸಾನ್ಸಿವೇರಿಯಾ ಹಾನಿಯೈ. ಇಂಗ್ಲಿಷಿನವರು ಇದನ್ನು ಹಕ್ಕಿಗೂಡಿನ ಹೆಸರಿನಿಂದ ಕರೆಯುತ್ತಾರೆ. ನಮ್ಮ ಕೂಲಿಯವರ ಬಾಯಲ್ಲಿ ಅದು ‘ಕುಳ್ಳ ಸ್ನೇಕು’.

‘ಇದಕ್ಕೆ ಎತ್ತರ ಎಷ್ಟು ಬರೀಲಿ?’ ಎಂದೆ.

‘ಒಂದು ಗೇಣು ಬರಕೊಳ್ಳಿ. ಆದ್ರೆ ಅದು ಎತ್ತರಕ್ಕೆ ಬೆಳೆಯೋ ಗಿಡ ಅಲ್ಲ ಕಣಮ್ಮ’ ಎಂದರು.

ಒಂದು ಗೇಣು ಎಂದು ಬರೆಯಲಾಗುವುದಿಲ್ಲವಲ್ಲ. 6 ರಿಂದ 8 ಇಂಚು ಎಂದು ಬರೆದೆ. ಆ ಅಂಕಿ ಸರಿಯಾದದ್ದೇ. ಇವತ್ತಿಗೂ ಯಾವ ಪುಸ್ತಕ ತೆಗೆದರೂ 15 ರಿಂದ 20 ಸೆಂಟಿಮೀಟರ್ ಎಂದೇ ಇರುತ್ತದೆ. ಒಳ್ಳೆಯ ಆರೈಕೆಯಲ್ಲಿ ಅಪರೂಪಕ್ಕೆ ಅದಕ್ಕಿಂತ ನಾಲ್ಕು ಬೆರಳು ಮೇಲೆ ಹೋಗಬಹುದು. ಆದರೆ ಆ ಒಂದು ಅಂಕಿ ಈ ಗಿಡದ ಬಗ್ಗೆ ಎಷ್ಟು ಕಡಿಮೆ ಹೇಳುತ್ತದೆ ಎಂಬುದು ತಿಳಿಯಲು ಆ ನರ್ಸರಿಯಲ್ಲಿ ನಾನು ಬಹಳ ಕಾಲ ಇರಬೇಕಾಯಿತು.

ಗಿರಾಕಿಗಳು ಗಿಡ ಕೈಗೆತ್ತಿಕೊಂಡ ಕೂಡಲೇ ಕೇಳುವ ಮೊದಲ ಪ್ರಶ್ನೆ ಬೆಲೆಯದಲ್ಲ. ‘ಇದು ಎಷ್ಟು ದೊಡ್ಡದಾಗುತ್ತೆ?’ ಎಂಬುದೇ ಮೊದಲು, ‘ಬೇಗ ಬೆಳೆಯುತ್ತಾ?’ ಎಂಬುದು ಎರಡನೆಯದು. ಎರಡೂ ಪ್ರಶ್ನೆ ಕೇಳುವವರ ಆಸೆಗಳು ಒಂದಕ್ಕೊಂದು ಎದುರುಬದುರು. ಗಿಡ ದೊಡ್ಡದಾಗಬಾರದು, ಕಿಟಕಿಯ ಕಟ್ಟೆಯ ಮೇಲೆ ಕೂರಬೇಕು, ಟೀವಿಗೆ ಅಡ್ಡ ಬರಬಾರದು. ಆದರೆ ಬೇಗ ಬೆಳೆಯಬೇಕು, ಕೊಟ್ಟ ದುಡ್ಡಿಗೆ ಏನೋ ಆಗುತ್ತಿದೆ ಎಂದು ಕಾಣಬೇಕು. ಮೇಸ್ತ್ರಿ ಇಂಥವರಿಗೆ ನೇರವಾಗಿ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ. ‘ಎಲ್ಲಿ ಇಕ್ತೀರಾ? ಕಿಟಕಿ ಯಾವ ದಿಕ್ಕಿಗೈತೆ? ನೀರು ಯಾರು ಹಾಕೋರು?’ ಎಂದು ತಿರುಗಿ ಕೇಳುತ್ತಿದ್ದರು. ಮೊದಮೊದಲು ನನಗೆ ಇದು ವ್ಯಾಪಾರಿಯ ಜಾಣತನ ಅನ್ನಿಸುತ್ತಿತ್ತು. ಆದರೆ ಗಿಡದ ಗಾತ್ರ ಅರ್ಧ ಅದರ ಹುಟ್ಟಿನಲ್ಲಿದ್ದರೆ ಇನ್ನರ್ಧ ಅದು ಕೂರುವ ಜಾಗದಲ್ಲಿರುತ್ತದೆ. ಅವರು ಕೇಳುತ್ತಿದ್ದದ್ದು ಆ ಇನ್ನರ್ಧವನ್ನು.

ಹುಟ್ಟಿನ ಅರ್ಧದ ಕತೆ ಸ್ವಾರಸ್ಯದ್ದು. ಈ ಗಿಡದ ಮೂಲ ಜಾತಿ ಪಶ್ಚಿಮ ಆಫ್ರಿಕಾದ್ದು, ನೈಜೀರಿಯಾದಿಂದ ಕಾಂಗೋವರೆಗಿನ ಸೀಮೆಯದ್ದು. ಅದು ಕತ್ತಿಯಂತೆ ನೆಟ್ಟಗೆ ಮೂರು, ನಾಲ್ಕು ಅಡಿ ನಿಲ್ಲುವ ಸ್ನೇಕ್ ಪ್ಲಾಂಟ್. ಸರ್ಕಾರಿ ಕಚೇರಿಗಳ ಮೆಟ್ಟಿಲ ಪಕ್ಕ, ಹಳೆಯ ಬಂಗಲೆಗಳ ಕಾಂಪೌಂಡಿನಲ್ಲಿ ಯಾರೂ ಗಮನಿಸದೆ ಬೆಳೆದು ನಿಂತಿರುವುದು ಅದೇ. ಅಂಚಿಗೆ ಹಳದಿ ಪಟ್ಟಿ ಇರುವ ಬಗೆಯನ್ನು ಲಾರೆಂಟಿ ಎನ್ನುತ್ತಾರೆ. 1939ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕ್ರೆಸೆಂಟ್ ನರ್ಸರಿಯಲ್ಲಿ, ಲಾರೆಂಟಿ ಗಿಡಗಳ ನಡುವೆ, ವಿಲಿಯಂ ಸ್ಮಿತ್ ಎಂಬವರ ಕಣ್ಣಿಗೆ ಬೇರೆಯದೇ ಆದ ಒಂದು ಮರಿ ಬಿತ್ತು. ಅಂಚಿನ ಹಳದಿ ಇಲ್ಲ, ಎತ್ತರವೂ ಇಲ್ಲ. ಎಲೆಗಳು ಗಿಡ್ಡವಾಗಿ, ಅಗಲವಾಗಿ, ಹೂವಿನ ಎಸಳಿನ ಹಾಗೆ ಸುತ್ತ ಹರಡಿಕೊಂಡಿದ್ದವು. 1941ರಲ್ಲಿ ಸಿಲ್ವನ್ ಹಾನ್ ಎಂಬವರು ಅದಕ್ಕೆ ಪೇಟೆಂಟ್ ಪಡೆದರು. ಗಿಡಕ್ಕೆ ಅವರ ಹೆಸರೇ ನಿಂತಿತು. ಬೀಜವಿಲ್ಲದೆ ಕಡ್ಡಿ, ಕಂದುಗಳಿಂದ ವೃದ್ಧಿ ಮಾಡುವ ಗಿಡಗಳಿಗೆ ಪೇಟೆಂಟ್ ಕೊಡುವ ಕಾನೂನು ಅಮೆರಿಕದಲ್ಲಿ ಬಂದದ್ದು 1930ರಲ್ಲಿ. ಆಗ ಪೇಟೆಂಟಿನ ಅವಧಿ 17 ವರ್ಷ. ಅದು ಮುಗಿದ ಮೇಲೆ ಯಾರು ಬೇಕಾದರೂ ಬೆಳೆಸಿ ಮಾರಬಹುದಾಯಿತು. ಸಿದ್ದಾಪುರದ ನಮ್ಮ ಬೆಂಚಿನ ಮೇಲಿದ್ದ ಗಿಡಗಳು, ಇವತ್ತು ಜಗತ್ತಿನಲ್ಲಿರುವ ಎಲ್ಲ ಹಾನಿಯೈ ಗಿಡಗಳೂ, ಆ ಒಂದು ಮರಿಯ ತುಂಡುಗಳೇ.

ಹೀಗೆ ಒಂದು ಮೊಗ್ಗು ತನ್ನ ತಾಯಿಗಿಂತ ಬೇರೆಯಾಗಿ ಒಡೆಯುವುದಕ್ಕೆ ತೋಟಗಾರರು ಸ್ಪೋರ್ಟ್ ಎನ್ನುತ್ತಾರೆ. ಹಾನಿಯೈನ ಗಿಡ್ಡತನ ಅದರ ಜೀವಕೋಶದಲ್ಲೇ ಬರೆದಿರುತ್ತದೆ. ಗೊಬ್ಬರ ಸುರಿದು, ದೊಡ್ಡ ಕುಂಡಕ್ಕೆ ಹಾಕಿ, ಎಷ್ಟು ಉಪಚಾರ ಮಾಡಿದರೂ ಅದು ಮೂರಡಿಯಾಗುವುದಿಲ್ಲ. ಬೋನ್ಸಾಯ್ ಗಿಡ್ಡವಾಗಿರುವುದು ಬೇರು ಕತ್ತರಿಸಿ, ತಂತಿ ಬಿಗಿದು, ಆಳೊಬ್ಬರು ಜೀವಮಾನ ಕಾಯುವುದರಿಂದ. ಇದಕ್ಕೆ ಕತ್ತರಿಯೂ ಬೇಡ, ಕಾವಲೂ ಬೇಡ. ನಮ್ಮಲ್ಲಿ ಚಿಗುರು ಚಿವುಟದಿದ್ದರೆ ಕೋಲಿಯಸ್ ಎರಡು ತಿಂಗಳಲ್ಲಿ ಸಣಕಲಾಗುತ್ತಿತ್ತು, ಕತ್ತರಿಸದಿದ್ದರೆ ಅಕಾಲಿಫಾ ದಾರಿಗೆ ಬರುತ್ತಿತ್ತು. ಹಾನಿಯೈ ಸಾಲಿನ ಕಡೆ ಯಾರೂ ಕತ್ತರಿ ಹಿಡಿದು ಹೋದವರಲ್ಲ.

ಅದು ಬೆಳೆಯುವ ಬಗೆ ನನಗೆ ಅರ್ಥವಾದದ್ದು ಎಲೆ ತುಂಡು ನೆಡುವ ಕೆಲಸದಲ್ಲಿ. ಫೆಬ್ರವರಿ ಕಳೆದು ಸೆಖೆ ಏರತೊಡಗಿದಾಗ ಆ ಕೆಲಸ ಶುರು. ಬಿಲ್ ಬರೆಯುವ ಕೆಲಸ ಕಡಿಮೆಯಿದ್ದ ಮಧ್ಯಾಹ್ನಗಳಲ್ಲಿ ನಾನೂ ಹೆಂಗಸರ ಜೊತೆ ಕೂರುತ್ತಿದ್ದೆ. ಬಲಿತ ಎಲೆಯನ್ನು ಬುಡದಲ್ಲಿ ಕೊಯ್ದು ಎರಡು ಮೂರು ಇಂಚಿನ ತುಂಡು ಮಾಡಬೇಕು. ಪ್ರತಿ ತುಂಡಿನ ಮೇಲಂಚನ್ನು ಸ್ವಲ್ಪ ಓರೆಯಾಗಿ, ಕೆಳಅಂಚನ್ನು ನೇರವಾಗಿ ಕತ್ತರಿಸುವುದು ರೂಢಿ, ಯಾಕೆಂದರೆ ತಲೆಕೆಳಗಾಗಿ ನೆಟ್ಟರೆ ಬೇರು ಬಿಡುವುದಿಲ್ಲ. ಕತ್ತರಿಸಿದ ತುಂಡುಗಳನ್ನು ನೆರಳಿನಲ್ಲಿ ಗೋಣಿಯ ಮೇಲೆ ಹರಡಿ ಗಾಯ ಒಣಗಲು ಬಿಡಬೇಕು. ಆಮೇಲೆ ಮರಳಿನಲ್ಲಿ ಸಾಲಾಗಿ ಊರಿ, ಒಮ್ಮೆ ನೀರು ಚಿಮುಕಿಸಿ, ಮರೆತುಬಿಡಬೇಕು. ಈ ಮರೆಯುವ ಭಾಗವೇ ಹೊಸಬರಿಗೆ ಕಷ್ಟ.

ತಿಂಗಳು ಕಳೆದು ಒಂದು ತುಂಡನ್ನು ಮೆಲ್ಲಗೆ ಎಳೆದರೆ ಬುಡದಲ್ಲಿ ಬಿಳಿ ಬೇರು ಕಾಣುತ್ತದೆ. ಮೇಲೆ ಮಾತ್ರ ಏನೂ ಇಲ್ಲ. ನೆಟ್ಟ ತುಂಡು ಒಂದು ಕೂದಲೆಳೆಯಷ್ಟೂ ಉದ್ದವಾಗುವುದಿಲ್ಲ, ಎಂದೆಂದಿಗೂ ಆಗುವುದಿಲ್ಲ. ಮತ್ತೆರಡು ಮೂರು ತಿಂಗಳ ಮೇಲೆ, ಕೆಲವೊಮ್ಮೆ ಇನ್ನೂ ತಡವಾಗಿ, ತುಂಡಿನ ಬುಡದಿಂದ ಬೆರಳು ದಪ್ಪದ, ನಸುಗೆಂಪು ಬಿಳಿಯ ಗೆಡ್ಡೆಯೊಂದು ಮಣ್ಣಿನೊಳಗೇ ಹೊರಟು, ಒಂದಿಂಚು ಆಚೆ ಮೊನೆ ಎತ್ತುತ್ತದೆ. ಆ ಮೊನೆಗೆ ಮೊದಲು ಎರಡು ಮೂರು ಹೊರಪೊರೆಗಳು. ಅದರ ಒಳಗಿಂದ ಸುರುಳಿ ಸುತ್ತಿಕೊಂಡ ಮೊದಲ ಎಲೆ. ಆ ಎಲೆ ಬಿಚ್ಚಿದ ಮೇಲೆ ಅದರ ಒಡಲಿಂದ ಇನ್ನೊಂದು. ಎಲೆ ಬೆಳೆಯುವುದು ಬುಡದಿಂದ. ತುದಿ ಎಲ್ಲಕ್ಕಿಂತ ಹಳೆಯ ಭಾಗ. ಹಾಗಾಗಿ ಗಿರಾಕಿಯ ಚೀಲ ತಾಗಿ ತುದಿಯ ಮೊನೆ ಮುರಿದರೆ ಅದು ಮತ್ತೆ ಮೂಡುವುದಿಲ್ಲ. ನಾನು ಬೆಂಚಿನ ಪಕ್ಕ ಹಾದುಹೋಗುವಾಗ ಸೆರಗು ಹಿಡಿದುಕೊಂಡು ನಡೆಯುವುದನ್ನು ಕಲಿತದ್ದು ಈ ಗಿಡದ ದೆಸೆಯಿಂದ.

ಒಂದು ಮೊನೆಯಿಂದ ಎದ್ದ ಎಲೆಗಳ ಗುಂಪೇ ಒಂದು ಸುತ್ತು. ಅಂಥ ಒಂದು ಸುತ್ತಿನಲ್ಲಿ ವರ್ಷಕ್ಕೆ ಬರುವ ಹೊಸ ಎಲೆಗಳು ಬೆರಳೆಣಿಕೆಯಷ್ಟು. ಎರಡು ಮೂರು ವರ್ಷಕ್ಕೆ ಅದು ತನ್ನ ಪೂರ್ಣ ಗಾತ್ರಕ್ಕೆ ಬಂದು ನಿಧಾನಿಸುತ್ತದೆ. ಅಷ್ಟು ಹೊತ್ತಿಗೆ ಮಣ್ಣಿನೊಳಗಿನ ಗೆಡ್ಡೆ ಪಕ್ಕಕ್ಕೆ ಹೊರಟು ಇನ್ನೊಂದು ಮೊನೆ ಎತ್ತಿರುತ್ತದೆ. ಅಪರೂಪಕ್ಕೆ ಹಳೆಯ ಸುತ್ತೊಂದು ನಡುವಿನಿಂದ ಹೂಕಡ್ಡಿ ಕಳಿಸುತ್ತದೆ. ಬೆಳ್ಳಗೆ, ತುಸು ಹಸಿರು ಛಾಯೆಯ ಸಣ್ಣ ಹೂಗಳು, ರಾತ್ರಿ ಪರಿಮಳ. ಹೂ ಬಿಟ್ಟ ಸುತ್ತಿನಲ್ಲಿ ಮತ್ತೆ ಹೊಸ ಎಲೆ ಬರುವುದಿಲ್ಲ. ಮೇಸ್ತ್ರಿ ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು: ‘ಬಾಳೆ ಇದ್ದಂಗೆ. ಗೊನೆ ಕೊಟ್ಟಿದ್ದು ಅಲ್ಲಿಗೆ ಮುಗೀತು, ಮುಂದಿಂದು ಕಂದು ನೋಡ್ಕೊಳ್ತದೆ.’ ಅಡಿಕೆ ತೋಟದ ನಡುವೆ ಬಾಳೆ ನೋಡಿಯೇ ಬೆಳೆದ ನನಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ಇಷ್ಟು ನಿಧಾನ ಯಾಕೆ ಎಂಬುದಕ್ಕೆ ಉತ್ತರ ಅದರ ಉಸಿರಾಟದಲ್ಲಿದೆ. ಹೆಚ್ಚಿನ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತವೆ. ಹಾಗೆ ತೆರೆದಾಗ ನೀರೂ ಆವಿಯಾಗಿ ಹೋಗುತ್ತದೆ. ನೀರಿನ ಕೊರತೆ ತಾಳಬಲ್ಲ ಈ ಜಾತಿ ಬಿಸಿಲಿನಲ್ಲಿ ರಂಧ್ರ ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ಒಳಬಂದ ಅನಿಲವನ್ನು ಆಮ್ಲದ ರೂಪದಲ್ಲಿ ಎಲೆಯಲ್ಲೇ ಕೂಡಿಟ್ಟು, ಮರುದಿನದ ಬೆಳಕಿನಲ್ಲಿ ಅದರಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಒಂದು ರಾತ್ರಿ ಕೂಡಿಡಬಹುದಾದದ್ದಕ್ಕೆ ಮಿತಿಯಿದೆ. ಮರುಹಗಲಿನ ದುಡಿಮೆಗೂ ಅಷ್ಟೇ ಬಂಡವಾಳ. ನೀರಿನಲ್ಲಿ ಉಳಿತಾಯ, ಬೆಳವಣಿಗೆಯಲ್ಲಿ ನಿಧಾನ. ವಾರಗಟ್ಟಲೆ ನೀರಿಲ್ಲದೆ ಬದುಕುವ ಗಿಡವೂ ಬೇಕು, ತಿಂಗಳಿಗೊಂದು ಚಿಗುರೂ ಬೇಕು ಎನ್ನುವವರ ಆಸೆ ಅಲ್ಲೇ ಮುಗ್ಗರಿಸುತ್ತದೆ. ಒಂದರ ಬೆಲೆಯೇ ಇನ್ನೊಂದು.

ಬೆಲೆ ಎಂದಾಗ ನನ್ನ ಖಾತೆ ಪುಸ್ತಕ ನೆನಪಾಗುತ್ತದೆ. ಕೋಲಿಯಸ್ ಕಡ್ಡಿ ಎರಡು ತಿಂಗಳೊಳಗೆ ಮಾರಾಟಕ್ಕೆ ಸಿದ್ಧ. ಅದೇ ಜಾಗದಲ್ಲಿ ವರ್ಷದಲ್ಲಿ ಐದಾರು ತಂಡ ತೆಗೆಯಬಹುದು. ಹಾನಿಯೈ ಎಲೆ ತುಂಡಿನಿಂದ ನಾಲ್ಕಿಂಚಿನ ಕುಂಡ ತುಂಬುವ ಗಿಡವಾಗಲು ವರ್ಷದ ಮೇಲೆ ಹಿಡಿಯುತ್ತಿತ್ತು. ಅಷ್ಟೂ ಕಾಲ ಬೆಂಚಿನ ಆ ಚದರ ಅಡಿ ಅದರದ್ದೇ. ಬಾಡಿಗೆ, ನೀರು, ಕೂಲಿಯನ್ನೆಲ್ಲ ಹಂಚಿ ಹಾಕಿದರೆ ಆ ಗೇಣುದ್ದದ ಗಿಡಕ್ಕೆ ಎದೆಯೆತ್ತರದ ಅಕಾಲಿಫಾಕ್ಕಿಂತ ಹೆಚ್ಚು ಬೆಲೆ ಹಾಕಬೇಕಾಗುತ್ತಿತ್ತು. ಗಿರಾಕಿಗಳು ಇದನ್ನು ಒಪ್ಪುತ್ತಿರಲಿಲ್ಲ. ‘ಇಷ್ಟು ಪುಟ್ಟ ಗಿಡಕ್ಕೆ ಇಷ್ಟಾ?’ ಎಂದು ಮುಖ ಸಿಂಡರಿಸುವವರೇ ಎಲ್ಲ. ಗಿಡಕ್ಕೆ ಬೆಲೆ ಎತ್ತರದಿಂದಲ್ಲ, ಅದು ತೆಗೆದುಕೊಂಡ ಕಾಲದಿಂದ ಎಂದು ನಾನು ಹೇಳಲು ಕಲಿತದ್ದು ಆಗ. ಹೇಳಿದ್ದನ್ನು ಕೇಳಿ ಕೊಂಡವರು ಕಡಿಮೆ. ಅವರು ಮಾತ್ರ ಮತ್ತೆ ಮತ್ತೆ ಬಂದವರು.

ಅಂಚಿನಲ್ಲಿ ಅಗಲ ಹಳದಿ ಇರುವ ಗೋಲ್ಡನ್ ಹಾನಿಯೈ ವಿಷಯದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಅದರ ಎಲೆ ತುಂಡು ನೆಟ್ಟರೆ ಬೇರು ಬರುತ್ತದೆ, ಮರಿಯೂ ಬರುತ್ತದೆ, ಆದರೆ ಮರಿ ಹಸಿರು. ಹಳದಿಯಿರುವುದು ಎಲೆಯ ಕೆಲವು ಪದರಗಳ ಜೀವಕೋಶಗಳಲ್ಲಿ ಮಾತ್ರ, ತುಂಡಿನ ಬುಡದಿಂದ ಹೊಸದಾಗಿ ಹುಟ್ಟುವ ಮೊಗ್ಗಿಗೆ ಆ ಜೋಡಣೆ ದಾಟುವುದಿಲ್ಲ. ಹಾಗಾಗಿ ಗೆಡ್ಡೆಯ ಸಮೇತ ಕಂದು ಬಿಡಿಸುವುದೊಂದೇ ದಾರಿ. ಜೊತೆಗೆ ಹಳದಿ ಭಾಗದಲ್ಲಿ ಹರಿತ್ತು ಕಡಿಮೆ. ದುಡಿಯುವ ಎಲೆಯೇ ಸಣ್ಣದಾದಂತೆ. ಹಸಿರು ಹಾನಿಯೈಗಿಂತ ಅದು ಮತ್ತೂ ನಿಧಾನ. ಒಂದು ತಾಯಿ ಕುಂಡದಿಂದ ವರ್ಷಕ್ಕೆ ಎರಡು ಕಂದು ಸಿಕ್ಕರೆ ಮಾಲೀಕರು ಖುಷಿ. ಬಣ್ಣ ಹೆಚ್ಚಾದಷ್ಟೂ ಬೆಳವಣಿಗೆ ಕಡಿಮೆ ಎಂಬುದು ಪಟ್ಟೆ ಪಟ್ಟೆ ಎಲೆಯ ಹೆಚ್ಚಿನ ಗಿಡಗಳಿಗೆ ಹೊಂದುವ ಮಾತು. ಅವನ್ನು ಕೊಳ್ಳುವವರಿಗೆ ಹೇಳಲೇಬೇಕಾದ ಮಾತೂ ಹೌದು.

ಒಮ್ಮೆ ಹಿರಿಯರೊಬ್ಬರು ಆಟೋದಲ್ಲಿ ಕುಂಡವೊಂದನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಎಷ್ಟೋ ವರ್ಷದ ಹಿಂದೆ ನಮ್ಮಲ್ಲೇ ಕೊಂಡಿದ್ದಂತೆ. ‘ನಿಮ್ಮ ಗಿಡ ಬೆಳೆದೇ ಇಲ್ಲ. ತಂದಾಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ’ ಎಂದು ಮೇಜಿನ ಮೇಲೆ ಕುಕ್ಕಿದರು. ಪ್ಲಾಸ್ಟಿಕ್ ಕುಂಡ ಒಂದು ಬದಿಗೆ ಉಬ್ಬಿ ವಕ್ರವಾಗಿತ್ತು. ಮೇಸ್ತ್ರಿ ಮಾತಾಡಲಿಲ್ಲ. ಗೋಣಿ ಹಾಸಿ, ಕುಂಡವನ್ನು ಮಗುಚಿ, ಬುಡಕ್ಕೆ ಎರಡು ಗುದ್ದು ಹಾಕಿದರು. ಹೊರಬಿದ್ದದ್ದು ಮಣ್ಣಿಗಿಂತ ಹೆಚ್ಚು ಗೆಡ್ಡೆ. ಹೆಬ್ಬೆರಳು ದಪ್ಪದ ಗೆಡ್ಡೆ ಕುಂಡದ ಗೋಡೆಗೆ ತಾಗಿ, ತಿರುಗಿ, ಅದೇ ಗೋಡೆಯ ಉದ್ದಕ್ಕೂ ಸುತ್ತಿಕೊಂಡಿತ್ತು. ಒಂದೊಂದಾಗಿ ಬಿಡಿಸಿ ಸಾಲಾಗಿ ಇಟ್ಟರು. ಏಳು ಸುತ್ತುಗಳು. ಒಂದು ಹಳೆಯದು, ಬುಡದ ಎಲೆಗಳು ಕಂದಿದ್ದವು. ಮೂರು ತುಂಬಿದ ಗಾತ್ರದವು, ಮೂರು ಇನ್ನೂ ಎಳೆಯವು. ‘ನೀವು ಒಂದು ತಗೊಂಡು ಹೋಗಿದ್ರಿ ಸಾರ್, ಏಳು ತಂದಿದೀರಿ’ ಎಂದರು. ಆ ಹಿರಿಯರು ಸ್ವಲ್ಪ ಹೊತ್ತು ನೋಡುತ್ತಾ ನಿಂತು, ‘ಹಾಗಾದರೆ ಏಳು ಕುಂಡ ಕೊಡಿ’ ಎಂದರು. ನಾನು ಬಿಲ್ ಬರೆದೆ.

ಎತ್ತರದ ಅಂಕಣದಲ್ಲಿ ಏನು ಬರೆದರೂ ಆ ಸಾಲು ಅದರಲ್ಲಿ ಹಿಡಿಯುತ್ತಿರಲಿಲ್ಲ. ಒಂದು ಸುತ್ತಿಗೆ ಗರಿಷ್ಠ ಗಾತ್ರವಿದೆ, ಗಿಡಕ್ಕೆ ಇಲ್ಲ. ಗಿಡ ನಿಲ್ಲುವುದು ಕುಂಡದ ಗೋಡೆ ಎಲ್ಲಿ ನಿಲ್ಲಿಸುತ್ತದೋ ಅಲ್ಲಿ. ನೆಲಕ್ಕೆ ನೆಟ್ಟರೆ ನಿಲ್ಲುವ ಅಗತ್ಯವೇ ಇಲ್ಲ, ಮರದ ನೆರಳಿನಲ್ಲಿ ವರ್ಷದಿಂದ ವರ್ಷಕ್ಕೆ ಹಾಸಾಗಿ ಹರಡಿಕೊಳ್ಳುತ್ತದೆ. ಎತ್ತರ ಮಾತ್ರ ಅದೇ ಒಂದು ಗೇಣು. ಮನೆಯವರ ಕಣ್ಣು ಸದಾ ತುದಿಯ ಕಡೆಗಿರುವುದರಿಂದ ಬುಡದಲ್ಲಿ ನಡೆಯುತ್ತಿರುವುದು ಕಾಣುವುದಿಲ್ಲ.

ಜಾಗದ ಅರ್ಧ ಏನು ಮಾಡುತ್ತದೆ ಎಂಬುದನ್ನು ನಾನು ಕಂಡದ್ದು ಬಾಡಿಗೆ ಗಿಡಗಳಲ್ಲಿ. ಎಂ.ಜಿ. ರಸ್ತೆಯ ಕಚೇರಿಗಳಿಗೆ, ಆಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ನಮ್ಮ ಮಾಲೀಕರು ಗಿಡಗಳನ್ನು ಬಾಡಿಗೆಗೆ ಕಳಿಸುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ವ್ಯಾನು ಹೋಗಿ ಬಾಡಿದ್ದನ್ನು ತಂದು ತಾಜಾ ಇಟ್ಟು ಬರುತ್ತಿತ್ತು. ಹಾನಿಯೈ ಬಾಡದ ಗಿಡವಾದ್ದರಿಂದ ಅದನ್ನು ಯಾರೂ ಬದಲಿಸುತ್ತಿರಲಿಲ್ಲ. ತಿಂಗಳುಗಟ್ಟಲೆ ಟ್ಯೂಬ್‌ಲೈಟಿನ ಕೆಳಗೆ ಕೂತ ಗಿಡಗಳು ಹಿಂದಿರುಗಿ ಬಂದಾಗ ಮೇಸ್ತ್ರಿ ಒಂದನ್ನೆತ್ತಿ ಮೇಲಿನಿಂದ ತೋರಿಸಿದರು. ಹೊರಸುತ್ತಿನ ಎಲೆಗಳು ಗಿಡ್ಡ, ಅಗಲ, ಬಿಗಿ. ಅವು ನರ್ಸರಿಯಲ್ಲಿ ಬಂದವು. ಒಳಗಿನವು ಉದ್ದ, ಸಪೂರ, ಒಂದಕ್ಕೊಂದು ಅಂತರ ಬಿಟ್ಟು ಬೆಳಕಿಗಾಗಿ ಮೇಲೆದ್ದವು. ಗೆರೆಗಳೂ ಮಸಕು. ಅದೇ ಗಿಡವನ್ನು ಚಪ್ಪರದ ಅಂಚಿಗೆ, ಬೆಳಗಿನ ಬಿಸಿಲು ಬೀಳುವಲ್ಲಿ ಇಟ್ಟರು. ಆಮೇಲೆ ನಡುವಿನಿಂದ ಬಂದ ಎಲೆಗಳು ಮತ್ತೆ ಗಿಡ್ಡ, ಮತ್ತೆ ಅಗಲ. ಆದರೆ ಸೊರಗಿ ಉದ್ದವಾದ ಎಲೆ ಮರಳಿ ಗಿಡ್ಡವಾಗಲಿಲ್ಲ. ಗಿಡ ಎಲ್ಲೆಲ್ಲಿ ಬದುಕಿತ್ತು ಎಂಬುದು ಹೊರಗಿನಿಂದ ಒಳಕ್ಕೆ ಎಲೆಗಳನ್ನು ನೋಡುತ್ತ ಹೋದರೆ ತಿಳಿಯುತ್ತದೆ. ಅಂದಿನಿಂದ ಯಾರ ಮನೆಗೆ ಹೋದರೂ ಅವರ ಸ್ನೇಕ್ ಪ್ಲಾಂಟ್ ನೋಡಿ, ಇದನ್ನು ಇತ್ತೀಚೆಗೆ ಕಿಟಕಿಯಿಂದ ಒಳಗೆ ಸರಿಸಿದ್ದೀರಾ ಎಂದು ಕೇಳುವ ಚಟ ನನಗೆ ಅಂಟಿಕೊಂಡಿದೆ.

ಕತ್ತಲಲ್ಲೂ ಬೆಳೆಯುವ ಗಿಡ ಎಂದು ಇದನ್ನು ಮಾರುತ್ತಾರೆ. ಕತ್ತಲಲ್ಲಿ ಅದು ಬೆಳೆಯುವುದಿಲ್ಲ, ಸಾಯುವುದನ್ನು ಮುಂದೂಡುತ್ತದೆ ಅಷ್ಟೆ. ದಪ್ಪ ಎಲೆ, ದಪ್ಪ ಗೆಡ್ಡೆಯಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡುತ್ತ ತಿಂಗಳುಗಟ್ಟಲೆ ನಿಂತಿರುತ್ತದೆ. ನೋಡುವವರಿಗೆ ಎರಡೂ ಒಂದೇ ಥರ ಕಾಣುವುದು ಈ ಗಿಡದ ದುರದೃಷ್ಟ.

ಉಡುಪಿಗೆ ಮದುವೆಯಾಗಿ ಹೋದ ನನ್ನ ತಂಗಿ ಒಂದು ಜೊತೆ ಕಂದು ಒಯ್ದಿದ್ದಳು. ಅಲ್ಲಿ ರಾತ್ರಿಯೂ ಸೆಖೆ, ಬೆಂಗಳೂರಿನ ಹಾಗೆ ಡಿಸೆಂಬರ್, ಜನವರಿಯಲ್ಲಿ ಗಿಡ ಮಂಕಾಗಿ ಕೂರುವುದಿಲ್ಲ. ನಮ್ಮಲ್ಲಿ ಎರಡು ವರ್ಷ ಹಿಡಿದದ್ದು ಅವಳಲ್ಲಿ ಒಂದೂವರೆ ವರ್ಷಕ್ಕೇ ಆಯಿತು. ‘ನಿಮ್ಮ ನರ್ಸರಿಗಿಂತ ನನ್ನ ಜಗಲಿ ವಾಸಿ’ ಎಂದು ಪತ್ರ ಬರೆದಳು. ಆಮೇಲೆ ಬಂದ ಜೂನಿನಲ್ಲಿ ಕುಂಡ ಮಾಡಿನ ನೀರು ಬೀಳುವಲ್ಲಿ ಉಳಿದುಹೋಯಿತು. ಎಲೆಗಳು ಸುತ್ತಿನ ನಡುವೆ ಬಟ್ಟಲು ಮಾಡಿಕೊಂಡಿರುವುದರಿಂದ ನೀರು ಅಲ್ಲೇ ನಿಲ್ಲುತ್ತದೆ. ಒಂದು ದಿನ ನಡುವಿನ ಎಲೆ ಹಿಡಿದರೆ ಹಾಗೇ ಕೈಗೆ ಬಂತಂತೆ, ಬುಡ ಕೊಳೆತು ನಾರುತ್ತಿತ್ತು. ಎತ್ತರದ ಸ್ನೇಕ್ ಪ್ಲಾಂಟಿಗಿಂತ ಈ ಗಿಡ್ಡ ಬಗೆಗೆ ಮಳೆಯ ಭಯ ಹೆಚ್ಚು. ಕಾರಣ ಆ ಬಟ್ಟಲು. ಬೇಗ ಬೆಳೆಸುವ ಸೆಖೆಯನ್ನು ಕೊಡುವ ಕರಾವಳಿಯೇ ಕೊಳೆಸುವ ಮಳೆಯನ್ನೂ ಕೊಡುತ್ತದೆ. ತಂಗಿ ಈಗ ಮೇ ಕೊನೆಗೆ ಕುಂಡಗಳನ್ನು ಒಳಜಗಲಿಗೆ ಸಾಗಿಸುತ್ತಾಳೆ, ನವರಾತ್ರಿ ಕಳೆದ ಮೇಲೆ ಹೊರಗಿಡುತ್ತಾಳೆ.

ನಾನು ನರ್ಸರಿ ಬಿಟ್ಟ ಮೇಲೆ ಈ ಗಿಡಕ್ಕೆ ಬೇರೆಯೇ ಯೋಗ ಬಂತು. 1989ರಲ್ಲಿ ನಾಸಾದ ವಿಜ್ಞಾನಿ ಬಿಲ್ ವುಲ್ವರ್ಟನ್ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು, ಗಾಳಿಯಲ್ಲಿನ ಕೆಲವು ರಾಸಾಯನಿಕಗಳು ಕಡಿಮೆಯಾಗುವುದನ್ನು ತೋರಿಸಿದ್ದರು. ಪಟ್ಟಿಯಲ್ಲಿ ಸಾನ್ಸಿವೇರಿಯಾವೂ ಇತ್ತು. ಆ ಮಾತು ವಾಟ್ಸ್ಆ್ಯಪ್ ಕಾಲಕ್ಕೆ ಬರುವಾಗ ‘ಆಕ್ಸಿಜನ್ ಗಿಡ’ ಆಗಿತ್ತು. 2020ರ ಲಾಕ್‌ಡೌನಿನಲ್ಲಿ, ಬಾಲ್ಕನಿಯೇ ಲೋಕವಾದಾಗ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಲಗುವ ಕೋಣೆಗೊಂದರಂತೆ ಹಾನಿಯೈ ಬಂದು ಕೂತಿತು. ಅದಕ್ಕೆ ಮುಂಚೆಯೇ, 2019ರಲ್ಲಿ, ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥ ಪ್ರಯೋಗಗಳ ಲೆಕ್ಕವನ್ನೆಲ್ಲ ಮರಳಿ ಹಾಕಿ ನೋಡಿದ್ದರು. ಕಟ್ಟಡದೊಳಗೆ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10 ರಿಂದ 1000 ಗಿಡ ಬೇಕು ಎಂಬುದು ಅವರ ತೀರ್ಮಾನ. ಕಿಟಕಿ ತೆರೆದರೆ ಸಾಕು ಎಂದಾಯಿತು. ವರ್ಷಕ್ಕೆ ನಾಲ್ಕೈದು ಎಲೆ ಹಾಕುವ ಗಿಡದಿಂದ ಒಂದು ಸಂಸಾರಕ್ಕೆ ಉಸಿರು ಕೇಳುವುದೇ ಅತಿ. ನೆರೆಯವರಿಗೆ ಇದನ್ನು ಹೇಳಿದಾಗ ಅವರಿಗೆ ನನ್ನ ಮೇಲೆ ತುಸು ಬೇಸರವಾಯಿತು, ಗಿಡಗಳ ಮೇಲಲ್ಲ.

2017ರಲ್ಲಿ ಸಸ್ಯಶಾಸ್ತ್ರಜ್ಞರು ಈ ಜಾತಿಯನ್ನು ಡ್ರಸೀನಾ ಕುಲಕ್ಕೆ ಸೇರಿಸಿದರು. ನರ್ಸರಿಗಳಲ್ಲಿ ಹಳೆಯ ಹೆಸರೇ ನಡೆಯುತ್ತಿದೆ. ಥಾಯ್ಲೆಂಡಿನಿಂದ, ಆಂಧ್ರದ ಕಡಿಯಂನಿಂದ ಲಾರಿಗಟ್ಟಲೆ ಗಿಡಗಳು ಬರುತ್ತವೆ. ಒಂದು ಸೆರಾಮಿಕ್ ಬಟ್ಟಲಿನಲ್ಲಿ ನಾಲ್ಕೈದು ಕಂದುಗಳನ್ನು ಒತ್ತೊತ್ತಾಗಿ ತುರುಕಿ, ತುಂಬಿದ ಗಿಡ ಎಂದು ಮಾರುತ್ತಾರೆ. ನೋಡಲು ಚೆಂದ. ಆದರೆ ಗೆಡ್ಡೆಗೆ ಹೊರಡಲು ಜಾಗವೇ ಇಲ್ಲದ್ದರಿಂದ ಅಲ್ಲಿ ಮುಂದಿನ ಬೆಳವಣಿಗೆ ಶುರುವಾಗುವ ಮೊದಲೇ ಮುಗಿದಿರುತ್ತದೆ. ಒಂದೇ ಸುತ್ತಿರುವ ಸಣ್ಣ ಕುಂಡ ಕೊಳ್ಳಿ, ಅದರ ಪಕ್ಕದಲ್ಲಿ ಎರಡು ಬೆರಳು ಮಣ್ಣು ಖಾಲಿ ಇರಲಿ ಎಂದು ನಾನು ಹೇಳುವುದು ಅದಕ್ಕೇ.

ಕುಂಡ ತುಂಬಿದಾಗ, ಯುಗಾದಿಯ ಆಸುಪಾಸಿನಲ್ಲಿ, ಬಿಡಿಸಿ ಹಂಚುವ ಕೆಲಸ ಈಗಲೂ ನಮ್ಮ ಮನೆಯಲ್ಲಿ ನಡೆಯುತ್ತದೆ. ಕೇಳಿದವರಿಗೆಲ್ಲ ಕೊಡುತ್ತೇನೆ. ಎಲ್ಲರೂ ದೊಡ್ಡ ಸುತ್ತನ್ನು ತಾವಿಟ್ಟುಕೊಂಡು ಎಳೆಯ ಕಂದನ್ನು ದಾನ ಮಾಡುವುದು ವಾಡಿಕೆ. ಮೇಸ್ತ್ರಿ ಇದಕ್ಕೆ ಉಲ್ಟಾ. ತುಂಬಿದ ಗಾತ್ರದ್ದು ಅವತ್ತೇ ಚೆಂದ ಕಾಣಲಿ ಎನ್ನುವವರಿಗೆ ಸರಿ, ಅದರಿಂದ ಇನ್ನು ಬರುವುದು ನಾಲ್ಕು ಎಲೆ, ಒಂದೆರಡು ಕಂದು. ಬೆಳೆಯುವುದನ್ನು ನೋಡುವ ಆಸೆಯಿದ್ದವರು ಬೆರಳುದ್ದದ ಕಂದನ್ನೇ ಉಳಿಸಿಕೊಳ್ಳಬೇಕು, ಅದರ ಮುಂದೆ ಎರಡು ಮೂರು ವರ್ಷದ ಕೆಲಸ ಬಾಕಿ ಇರುತ್ತದೆ ಎನ್ನುತ್ತಿದ್ದರು. ಹಾಗಾಗಿ ನನ್ನ ಮನೆಗೆ ಬಂದವರು ದೊಡ್ಡ ಗಿಡ ಹೊತ್ತುಕೊಂಡು, ಇವಳು ಧಾರಾಳಿ ಎಂದುಕೊಂಡು ಹೋಗುತ್ತಾರೆ. ಧಾರಾಳವೇನೂ ಅಲ್ಲ. ಬೆಳೆದು ಮುಗಿದದ್ದು ಅವರಿಗೆ, ಬೆಳೆಯಬೇಕಾದದ್ದು ನನಗೆ. ಲೆಕ್ಕ ಬರೆದು ಬದುಕಿದವಳು ಇಷ್ಟಾದರೂ ಲಾಭ ನೋಡದಿದ್ದರೆ ಹೇಗೆ.